ಅಕ್ಕನಿಗೆಂದು ತೆಗೆದ ಶೇಂಗಾ ಲೆಸಿಥಿನ್

ನನ್ನ ಸಿಟ್ಟಿನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಿದರೆ ನೆಪ ಹೇಳಿದ ಹಾಗಾಗುತ್ತದೆ. ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು ಅದು. ಬಸ್ಸು ತಡವಾದರೆ ಸಿಟ್ಟು, ಹುಡುಗರು ಬ್ಯುರೆಟ್ ಒಡೆದರೆ ಸಿಟ್ಟು, ಸಾರಿಗೆ ಉಪ್ಪು ಕಮ್ಮಿಯಾದರೂ ಸಿಟ್ಟು. ಈಗ ಬಹಳ ತಣ್ಣಗಾಗಿದ್ದೇನೆ ಎಂದು ಜನ ಹೊಗಳುತ್ತಾರೆ. ಹೊಗಳಲಿ ಬಿಡಿ, ಅವರಿಗೇನು ಗೊತ್ತು.

ಅರವತ್ತರ ದಶಕದ ಆರಂಭದ ವರ್ಷಗಳು. ಶಿರಸಿಯ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರದ ಡೆಮಾನ್‌ಸ್ಟ್ರೇಟರ್. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಮನೆಯಲ್ಲಿ ನಾನು ಮತ್ತು ಅಕ್ಕ. ಅಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಸಿದ್ದಾಪುರದ ಕಡೆ ಹೇರೂರಿಗೆ ಮದುವೆಯಾಗಿ ಹೋದವಳು ನಾಲ್ಕೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು. ಅದೇ ವರ್ಷ ಅಮ್ಮನೂ ತೀರಿಹೋದಳು. ನನಗಾಗ ಐದು ವರ್ಷ. ಅಲ್ಲಿಂದ ಮುಂದೆ ನನಗೆ ಊಟ ಹಾಕಿದವಳು, ಜಡೆಗಟ್ಟಿದ ತಲೆ ಬಾಚಿದವಳು, ಮಗ್ಗಿ ತಪ್ಪಿದರೆ ಕಿವಿ ಹಿಂಡಿದವಳು ಎಲ್ಲ ಅವಳೇ. ನನಗೆ ನೌಕರಿ ಸಿಕ್ಕಿದ ದಿನ ದೇವರ ಪೆಟ್ಟಿಗೆ ಕಂಕುಳಲ್ಲಿ ಇಟ್ಟುಕೊಂಡು ನನ್ನ ಹಿಂದೆಯೇ ಬಸ್ಸು ಹತ್ತಿದಳು.

ಅವಳ ಮಡಿ ಅಂದರೆ ಮಡಿ. ನಸುಕಿಗೆ ಸ್ನಾನ, ಗಳದ ಮೇಲೆ ಒಣಗಿದ ಸೀರೆಯನ್ನು ಕೋಲಿನಿಂದಲೇ ಇಳಿಸಿಕೊಳ್ಳುವುದು, ದೇವರಿಗೆ ತೋರಿಸದೆ ಒಂದು ಬಾಳೆಹಣ್ಣನ್ನೂ ಬಾಯಿಗೆ ಹಾಕದಿರುವುದು. ಹೊರಗಿನವರ ಕೈಯ ನೀರು ಮುಟ್ಟುತ್ತಿರಲಿಲ್ಲ. ನೆಂಟರ ಮನೆಯಲ್ಲೂ ತಾನೇ ಬಾವಿಯಿಂದ ಸೇದಿಕೊಳ್ಳುವವಳು. ಆ ಕಟ್ಟುನಿಟ್ಟಿನಲ್ಲಿ ಒಂದೇ ಒಂದು ವಿನಾಯಿತಿ ನನಗೆ. ಕಾಲೇಜಿನಿಂದ ಬಂದು ಸ್ನಾನ ಮಾಡಿ ಪಂಚೆ ಉಟ್ಟೆನೆಂದರೆ ನನ್ನ ಕೈಯ ಕಾಫಿ ಕುಡಿಯುತ್ತಿದ್ದಳು, ನಾನು ಕೊಟ್ಟ ನೀರು ಕುಡಿಯುತ್ತಿದ್ದಳು. ತಲೆನೋವು ಬಂದ ದಿನ ನಾನು ಕಲಸಿಕೊಟ್ಟ ಮಜ್ಜಿಗೆ ಅನ್ನ ಉಂಡು, “ಸಾಕು, ಎಂಗೆ ಇನ್ನೆಂತ ಬೇಕು” ಎನ್ನುತ್ತಿದ್ದಳು. ಪಕ್ಕದ ಮನೆಯ ಹೆಂಗಸರ ಹತ್ತಿರ ಇದನ್ನು ದೊಡ್ಡ ಸಂಗತಿಯೆಂಬಂತೆ ಹೇಳಿಕೊಳ್ಳುವಳು. ನನಗೆ ನಾಚಿಕೆ ಆಗುತ್ತಿತ್ತು. ಒಳಗೊಳಗೇ ಖುಷಿಯೂ ಆಗುತ್ತಿತ್ತು.

ಒಂದು ವೈಶಾಖದಲ್ಲಿ ಯಲ್ಲಾಪುರದ ಆಚೆ ಮಾಗೋಡಿನಲ್ಲಿ ನೆಂಟರ ಮನೆಯ ಉಪನಯನಕ್ಕೆ ಹೋಗಿಬಂದ ಅಕ್ಕ ಜ್ವರ ಹಿಡಿದು ಮಲಗಿದಳು. ವಿಷಮಜ್ವರ, ಅಂದರೆ ಟೈಫಾಯ್ಡ್. ಮೂರು ವಾರ ಅವಳ ಪಕ್ಕದಲ್ಲಿ ಕೂತು ಹಣೆಗೆ ಬಟ್ಟೆ ಹಾಕಿದೆ. ಜ್ವರವೇನೋ ಬಿಟ್ಟಿತು, ಆದರೆ ಎದ್ದವಳು ಹಳೆಯ ಅಕ್ಕ ಆಗಿರಲಿಲ್ಲ. ಸೌಟು ಹಿಡಿದರೆ ಕೈ ನಡುಗುತ್ತಿತ್ತು. ದೀಪ ಹಚ್ಚಿದ್ದು ಮರೆತು ಮತ್ತೆ ಹಚ್ಚಲು ಹೋಗುವಳು. ಬೆಳಿಗ್ಗೆ ಸ್ನಾನ ಮಾಡಿದ್ದೇನೋ ಇಲ್ಲವೋ ಎಂದು ಅನುಮಾನವಾಗಿ ಎರಡನೇ ಸಲ ಮೀಯುವಳು. ಡಾಕ್ಟರು ನೋಡಿ, ನರಗಳಿಗೆ ಶಕ್ತಿ ಹೋಗಿದೆ, ಲೆಸಿಥಿನ್ ಎಂಬ ಸತ್ವ ಇರುವ ಟಾನಿಕ್ ಕೊಡಿ ಎಂದು ಬರೆದುಕೊಟ್ಟರು. ಆ ಕಾಲದಲ್ಲಿ ಅದರ ಮೇಲೆ ವೈದ್ಯರಿಗೆ ಬಹಳ ನಂಬಿಕೆ.

ಮಸಾಲಾ ಅಂಗಡಿಯ ಚೀಟಿಯಾದರೂ ಸರಿ, ಅಕ್ಷರ ಕಂಡರೆ ಗಟ್ಟಿಯಾಗಿ ಓದುವ ಚಟ ನನಗೆ. ಟಾನಿಕ್ಕಿನ ಬಾಟಲಿ ಮನೆಗೆ ತಂದು ಅಕ್ಕನ ಎದುರಿಗೇ ಲೇಬಲ್ ಓದಿದೆ. ಲೆಸಿಥಿನ್, ಕೋಳಿಮೊಟ್ಟೆಯ ಹಳದಿಯಿಂದ ತೆಗೆದದ್ದು. ಓದಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಕ್ಕ ಸೀರೆ ಇಳಿಸುವ ಕೋಲಿನ ತುದಿಯಿಂದ ಬಾಟಲಿಯನ್ನು ಬಾಗಿಲಾಚೆ ನೂಕಿದಳು.

“ಸತ್ರೂ ಅಡ್ಡಿಲ್ಲೆ ಮಾಣಿ, ಅದೊಂದು ಬ್ಯಾಡ.”

“ಔಷಧ ಅಕ್ಕಾ ಅದು, ತಿಂಡಿ ಅಲ್ಲ.”

“ಆಡಿದ್ದೇ ಆಡಡ. ಬ್ಯಾಡ ಅಂದ್ರೆ ಬ್ಯಾಡ.”

ಅವಳ ಹಟ ನನಗೆ ಗೊತ್ತು. ಆದರೆ ನಾನೂ ಅವಳ ತಮ್ಮನೇ ತಾನೆ! ಲೆಸಿಥಿನ್ ಮೊಟ್ಟೆಯಲ್ಲಿ ಮಾತ್ರ ಇದೆಯೇನು? ಎಣ್ಣೆಕಾಳುಗಳಲ್ಲೂ ಇದೆ, ಶೇಂಗಾದಲ್ಲೂ ಇದೆ ಎಂದು ಪುಸ್ತಕದಲ್ಲಿ ಓದಿದ್ದೆ. “ಹದಿನೈದು ದಿನ ಕೊಡು, ಆನು ಶೇಂಗಾದಲ್ಲೇ ಅದನ್ನ ತೆಗೆದು ಕೊಡ್ತೆ” ಎಂದು ಅಕ್ಕನಿಗೆ ಮಾತು ಕೊಟ್ಟೆ. ಅವಳ ಮುಖ ಅರಳಿತು. ಮರುದಿನ ಓಣಿಗೆಲ್ಲ ಸುದ್ದಿ: ಈ ಮನೆಯ ಮಾಣಿ ಶೇಂಗಾದಲ್ಲಿ ಔಷಧ ತೆಗೆಯುತ್ತಾನಂತೆ!

ಬನವಾಸಿ ರಸ್ತೆಯಲ್ಲಿ ಒಂದು ಎತ್ತಿನ ಗಾಣವಿತ್ತು. ಗಾಣದವರು ಪೂರ್ವದ ಸೀಮೆಯವರು, ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಮಾತು ಒಂಚೂರು ಧಾರವಾಡದ ಕಡೆಯದು. ಅವರ ಎಣ್ಣೆಯಲ್ಲಿ ನನಗೊಂದು ಅನುಕೂಲವಿತ್ತು. ಶೇಂಗಾ ಅರೆಯುವಾಗ ನಡುನಡುವೆ ನೀರು ಚಿಮುಕಿಸುತ್ತಾರೆ. ನೀರು ಸಿಕ್ಕಿದ ಕೂಡಲೇ ಎಣ್ಣೆಯೊಳಗಿನ ಫಾಸ್ಫೋಲಿಪಿಡ್, ಅಂದರೆ ಲೆಸಿಥಿನ್ ಮತ್ತು ಅದರ ದಾಯಾದಿಗಳು, ಉಬ್ಬಿ ಅಂಟಾಗಿ ತಳಕ್ಕೆ ಇಳಿಯುತ್ತವೆ. ಡಬ್ಬಿಯ ತಳದ ಆ ಗಸಿಯೇ ನನಗೆ ಬೇಕಾದ ಮಾಲು.

“ಬರ್ರಿ ಮಾಸ್ತರ್ರ, ಕೂಡ್ರಿ. ಎಣ್ಣಿ ಬಿಟ್ಟು ಗಸಿ ಕೇಳೋರು ನೀವೊಬ್ರೇ ನೋಡ್ರಿ,” ಎಂದು ಗಾಣದವರು ನಕ್ಕರು. “ಇದನ್ನ ನಾವು ಗಾಡಿ ಅಚ್ಚಿಗೆ ಹಚ್ತೀವಿ. ನೀವೇನ್ ಮಾಡ್ತೀರಿ?”

“ಅಕ್ಕನ ಔಷಧಕ್ಕೆ.”

ಅವರು ನಗು ನಿಲ್ಲಿಸಿದರು. ಒಳಗೆ ಹೋಗಿ ತೊಳೆದ ಹೊಸ ಡಬ್ಬಿ ತಂದು, ಅದರಲ್ಲಿ ಅಂದಿನ ಗಸಿಯನ್ನೇ ತುಂಬಿಕೊಟ್ಟರು. ಔಷಧಕ್ಕೆಂದರೆ ಹಳೆಯದು ಕೊಡುವುದಿಲ್ಲ ಎಂದರು.

ಹದಿನೈದು ದಿನ ಅಂದೆನಲ್ಲ, ಮೊದಲ ಹದಿನೈದು ದಿನದಲ್ಲಿ ನಾನು ಕಲಿತದ್ದು ಸೋಲುವುದನ್ನು. ಗಸಿಯನ್ನು ಬಟ್ಟೆಯಲ್ಲಿ ಸೋಸಿ, ನೀರಿನಂಶ ಹೋಗಲೆಂದು ಕಾಯಿಸಿದೆ. ಅವಸರಕ್ಕೆ ಉರಿ ಜಾಸ್ತಿ ಮಾಡಿದೆ. ಸಂಜೆಯ ಹೊತ್ತಿಗೆ ಬೋಗುಣಿಯಲ್ಲಿ ಜೋನಿಬೆಲ್ಲದಂಥ ಕಪ್ಪು ಪಾಕ, ಕಮಟು ವಾಸನೆ. ಚೆಲ್ಲಿದೆ. ಎರಡನೇ ಸಲ ಉರಿ ಸರಿ ಇಟ್ಟೆ. ಆಮೇಲಿನ ಕೆಲಸ ಅಸಿಟೋನಿನದು. ಅದರಲ್ಲಿ ಎಣ್ಣೆ ಕರಗುತ್ತದೆ, ಫಾಸ್ಫೋಲಿಪಿಡ್ ಕರಗುವುದಿಲ್ಲ. ಹಾಗಾಗಿ ಅಸಿಟೋನಿನಲ್ಲಿ ಮತ್ತೆ ಮತ್ತೆ ತೊಳೆದರೆ ಎಣ್ಣೆಯೆಲ್ಲ ಹೋಗಿ ಬೇಕಾದದ್ದು ಉಳಿಯಬೇಕು. ಆದರೆ ಅಷ್ಟರಲ್ಲಿ ಆಷಾಢ ಹಿಡಿದಿತ್ತು. ಪ್ರಯೋಗಶಾಲೆಯ ಸುಣ್ಣದ ಗೋಡೆಯೇ ಬೆವರುತ್ತಿದ್ದ ದಿನಗಳು. ಅಸಿಟೋನಿಗೆ ತೇವ ಸೇರಿ, ಪುಡಿಯಾಗಿ ಉದುರಬೇಕಾದದ್ದು ಲೋಳೆಯಾಗಿ ಗಾಜಿಗೆ ಅಂಟಿತು. ಅದನ್ನೂ ಚೆಲ್ಲಿದೆ. ಸಿಟ್ಟಿಗೆ ಒಂದು ಫ್ಲಾಸ್ಕನ್ನೂ ಒಡೆದೆ, ಸುಳ್ಳು ಯಾಕೆ ಹೇಳಲಿ.

ಮನೆಗೆ ಬಂದರೆ ಅಕ್ಕ ಹೊಸಿಲಲ್ಲಿ ಕೂತು ಕೇಳುವಳು, “ಆತನಾ ಮಾಣಿ?”

“ನಾಳೆ ಅಕ್ಕಾ.”

ಆ ನಾಳೆ ಬರುವ ಮೊದಲೇ ಶ್ರಾವಣದ ಒಂದು ಬೆಳಿಗ್ಗೆ ಬಚ್ಚಲಲ್ಲಿ ತಲೆ ತಿರುಗಿ ಬಿದ್ದಳು. ಹಣೆಯಿಂದ ರಕ್ತ. ಎತ್ತಿ ಕೂರಿಸಿದರೆ ಕೋಳಿಮರಿಯಷ್ಟು ಹಗುರ. ಡಾಕ್ಟರು ಪಟ್ಟಿ ಕಟ್ಟಿ, ನನ್ನನ್ನು ಹೊರಗೆ ಕರೆದು, “ಟಾನಿಕ್ ಕೊಡ್ತಾ ಇದ್ದೀರೇನ್ರೀ?” ಎಂದರು. ಇಲ್ಲ ಎಂದೆ. ಅವರು ತಲೆ ಆಡಿಸಿದರು. ಆ ತಲೆ ಆಡಿಸಿದ್ದು ನೋಡಿ ನನ್ನ ಜೀವ ಬಾಯಿಗೆ ಬಂತು. ನೇರ ಔಷಧದ ಅಂಗಡಿಗೆ ಹೋದೆ. ಅದೇ ಟಾನಿಕ್ ಕೊಂಡೆ. ಪ್ರಯೋಗಶಾಲೆಯಲ್ಲಿ ಕೂತು, ಗಾಜಿನ ಬಿರಡೆಯ ನನ್ನದೇ ಬಾಟಲಿಗೆ ಸುರಿದು, ಏಲಕ್ಕಿ ಪುಡಿ ಹಾಕಿ ಕಲಕಿ, ಮೇಲೆ ಚೀಟಿ ಅಂಟಿಸಿ ನನ್ನ ಕೈಯಾರೆ ‘ಶೇಂಗಾ’ ಎಂದು ಬರೆದೆ. ಅಕ್ಕ ಉಳಿಯಬೇಕು, ಉಳಿದದ್ದೆಲ್ಲ ಆಮೇಲೆ ಎಂದುಕೊಂಡೆ. ಈ ಮಟ್ಟಿಗೆ ನಾನು ಈಗಲೂ ನನ್ನನ್ನು ಬೈದುಕೊಳ್ಳುವುದಿಲ್ಲ.

ಬೈದುಕೊಳ್ಳುವುದು ಮರುದಿನ ಬೆಳಗಿನದಕ್ಕೆ. ಅಕ್ಕ ಗೋಡೆ ಹಿಡಿದು ಎದ್ದು, ಸ್ನಾನ ಮಾಡಿ, ಬೆಳ್ಳಿಯ ಸಣ್ಣ ಚಮಚದಲ್ಲಿ ಆ ಔಷಧ ತೆಗೆದುಕೊಂಡು ದೇವರ ಪೆಟ್ಟಿಗೆಯ ಮುಂದೆ ಇಟ್ಟಳು. ಸಾಲಿಗ್ರಾಮದ ಮುಂದೆ. ಮೇಲೊಂದು ತುಳಸಿದಳ ಹಾಕಿದಳು.

“ಅಕ್ಕಾ, ಔಷಧಕ್ಕೆಲ್ಲ ಎಂತಕ್ಕೆ ಅದು?” ಎಂದೆ.

“ನಿನ್ನ ಕೈಯಾರೆ ಮಾಡಿದ್ದು. ದೇವರಿಗೆ ತೋರಿಸ್ದೇ ಹ್ಯಾಂಗೆ ತಿಂಬದು?”

ಅದೊಂದು ಗಳಿಗೆ ಇತ್ತು. ಬೇಡ ಅಕ್ಕಾ, ಅದನ್ನು ಅಲ್ಲಿಂದ ತೆಗೆ ಎಂದು ಹೇಳಬಹುದಾಗಿದ್ದ ಗಳಿಗೆ. ಹೇಳಿದ್ದರೆ ಅವಳು ಔಷಧ ಬಿಡುತ್ತಿದ್ದಳು. ಹೇಳಲಿಲ್ಲ. ಅವಳು ಕಣ್ಣು ಮುಚ್ಚಿ ಕೈ ಮುಗಿದು, ಚಮಚವನ್ನು ಬಾಯಿಗಿಟ್ಟುಕೊಂಡು, “ರುಚಿ ಇದ್ದು ಮಾಣಿ” ಎಂದಳು. ಹೀಗೆ ದಿನಾ ಬೆಳಿಗ್ಗೆ. ಮೂರು ಬಾಟಲಿ. ಆ ಹೊತ್ತಿಗೆ ಮನೆಯಲ್ಲಿ ಇರಬಾರದೆಂದು ನಾನು ಬೇಗ ಕಾಲೇಜಿಗೆ ಹೊರಡತೊಡಗಿದೆ.

ದೀಪಾವಳಿಯ ಹೊತ್ತಿಗೆ ಅಕ್ಕ ಚೇತರಿಸಿಕೊಂಡಿದ್ದಳು. ಕೈಯ ನಡುಕ ನಿಂತಿತು, ಮರೆವು ಕಡಿಮೆಯಾಯಿತು, ನನ್ನ ಮದುವೆಯ ವಿಷಯ ತೆಗೆದು ನನ್ನನ್ನು ರೇಗಿಸುವಷ್ಟು ಗಟ್ಟಿಯಾದಳು. ಟಾನಿಕ್ಕಿನಿಂದಲೋ, ಹಾಲು ತುಪ್ಪದಿಂದಲೋ, ಸುಮ್ಮನೆ ದಿನ ಕಳೆದದ್ದರಿಂದಲೋ ನಾನು ಹೇಳಲಾರೆ. ಡಾಕ್ಟರೂ ಖಚಿತವಾಗಿ ಹೇಳಲಿಲ್ಲ.

ನಾನು ಪ್ರಯತ್ನ ಬಿಟ್ಟಿರಲಿಲ್ಲ. ಬಿಡುವುದು ಹೇಗೆ? ನಿಜವಾದ ಶೇಂಗಾ ಲೆಸಿಥಿನ್ ಕೈಗೆ ಬಂದರೆ ಸುಳ್ಳು ಸುಳ್ಳಾಗಿ ಉಳಿಯುವುದಿಲ್ಲ ಎಂಬ ಒಂದು ಹುಚ್ಚು ಲೆಕ್ಕ ನನ್ನದು. ಮಳೆ ಹೋಗಿ ಗಾಳಿ ಒಣಗಿತು. ಅಸಿಟೋನನ್ನು ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ ಒಣಗಿಸಿ, ಮತ್ತೆ ಭಟ್ಟಿ ಇಳಿಸಿಕೊಂಡೆ. ಗಸಿಯನ್ನು ಹದವಾದ ಬಿಸಿಯಲ್ಲಿ ಒಣಗಿಸಿ, ತಣ್ಣನೆಯ ಅಸಿಟೋನಿನಲ್ಲಿ ಏಳು ಸಲ ತೊಳೆದೆ. ಒಂದೊಂದು ತೊಳೆತಕ್ಕೂ ಮೇಲೆ ನಿಂತ ಅಸಿಟೋನು ಹಳದಿ ಕಳೆದುಕೊಂಡು ತಿಳಿಯಾಗುತ್ತ ಬಂತು, ತಳದಲ್ಲಿ ಉದುರು ಉದುರು ಪುಡಿ ನಿಂತಿತು. ಅದರಲ್ಲಿ ಲೆಸಿಥಿನ್ ಬೇರೆ, ಅದರ ದಾಯಾದಿಗಳು ಬೇರೆ ಆಗಬೇಕಾದರೆ ಸ್ಪಿರಿಟ್ ಬೇಕು. ಪಾನನಿರೋಧದ ಕಾಲ ಅದು, ಸ್ಪಿರಿಟ್ಟಿನ ಕಪಾಟಿಗೆ ಬೀಗ, ಕೀಲಿ ಪ್ರಿನ್ಸಿಪಾಲರ ಹತ್ತಿರ. ಹುಡುಗರ ಪ್ರಯೋಗಕ್ಕೆಂದು ಹೇಳಿ ಇಸಿದುಕೊಂಡೆ. ಬೆಚ್ಚಗಿನ ಸ್ಪಿರಿಟ್ಟಿನಲ್ಲಿ ಲೆಸಿಥಿನ್ ಕರಗಿತು, ಉಳಿದದ್ದು ಕರಗದೆ ಕೂತಿತು. ಸೋಸಿ, ಸ್ಪಿರಿಟನ್ನು ಹಾರಿಸಿ, ಮತ್ತೊಮ್ಮೆ ಅಸಿಟೋನಿಗೆ ಇಳಿಸಿದಾಗ ಬಂತು ನೋಡಿ! ಆಗತಾನೆ ಕಡೆದ ಬೆಣ್ಣೆಯ ಬಣ್ಣ, ಜೇನುಮೇಣದ ಮೈ. ಗಾಳಿಗಿಟ್ಟರೆ ಕಂದಾಗುತ್ತದೆಂದು ಗೊತ್ತಿದ್ದರೂ ಮುಚ್ಚಳ ತೆಗೆದು ತೆಗೆದು ನೋಡಿದೆ. ಆ ಮಧ್ಯಾಹ್ನದಷ್ಟು ಸಂತೋಷ ನನಗೆ ಮುಂದೆ ಯಾವ ಡಿಗ್ರಿ ಸಿಕ್ಕಾಗಲೂ ಆಗಲಿಲ್ಲ.

ವಾಸನೆ ಏನೂ ಉಳಿಯದ ಹಾಗೆ ಒಣಗಿಸಿ, ಮೊದಲು ನಾನೇ ಎರಡು ದಿನ ತಿಂದು ನೋಡಿ, ಜೇನಿನಲ್ಲಿ ಕಲಸಿ ಅಕ್ಕನಿಗೆ ಕೊಟ್ಟೆ. ದೇವರ ಮುಂದಿಟ್ಟು, ಬಾಯಿಗೆ ಹಾಕಿಕೊಂಡು, ಅವಳು ಹುಬ್ಬು ಗಂಟಿಕ್ಕಿದಳು.

“ಇದು ಬೇರೆ ಇದ್ದಲ. ಅದೇ ಔಷಧ ಹೌದನ?”

“ಅದೇ ಅಕ್ಕಾ. ಈ ಸಲ ಇನ್ನೂ ಚೊಲೋ ಮಾಡಿದ್ದೆ.”

“ಮೊದಲಿನ ಬಾಟ್ಲಿದೇ ರುಚಿ ಇತ್ತು,” ಎಂದಳು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾಲ್ಕೈದು ತಿಂಗಳು ಒದ್ದಾಡಿ ತೆಗೆದ ಸಾಚಾ ಮಾಲು ಅಂಗಡಿಯ ಮಾಲಿನ ಮುಂದೆ ಸೋತಿತು. ಆದರೆ ಒಂದು ಸಮಾಧಾನವಿತ್ತು: ಇನ್ನು ಮುಂದೆ ಸುಳ್ಳಿಲ್ಲ. ಹಳೆಯದನ್ನು ಯಾರೂ ಕೆದಕುವುದಿಲ್ಲ, ಅದು ನನ್ನ ಹೊಟ್ಟೆಯಲ್ಲೇ ಕರಗಿಹೋಗುತ್ತದೆ ಎಂದುಕೊಂಡೆ. ಕರಗುತ್ತಿತ್ತು ಕೂಡ, ನನ್ನ ಬಾಯಿ ಸುಮ್ಮನಿದ್ದಿದ್ದರೆ.

ಫಾಲ್ಗುಣದ ಒಂದು ಭಾನುವಾರ. ಕಾಲೇಜಿಗೆ ರಜೆ ಎಂದು ಗಾಣದವರು ಗಸಿಯ ಡಬ್ಬಿಯನ್ನು ಮನೆಗೇ ತಂದರು. ಬಿಸಿಲಲ್ಲಿ ನಡೆದು ಬಂದಿದ್ದರು. ಕಟ್ಟೆಯ ಮೇಲೆ ಕೂತು ನೀರು ಕೇಳಿದರು. ಅಕ್ಕ ಬಂದು, ಅವರು ಬೊಗಸೆ ಒಡ್ಡಿದ ಮೇಲೆ ಎತ್ತರದಿಂದ ನೀರು ಹೊಯ್ದಳು. ಜೊತೆಗೆ ಒಂದು ಚೂರು ಬೆಲ್ಲ, ಅದೂ ಎತ್ತರದಿಂದ. ಅವರು ಕುಡಿದು, “ಹುಷಾರದೀರಲ್ರಿ ಅಕ್ಕಾರ, ಚಲೋ ಆತು” ಎಂದು ಹೇಳಿ ಎದ್ದರು. ಅವರಿನ್ನೂ ಅಂಗಳ ದಾಟಿರಲಿಲ್ಲ, ಅಕ್ಕ ತಂಬಿಗೆ ನೀರು ತಂದು ಅವರು ಕೂತಿದ್ದ ಜಾಗಕ್ಕೆ ಚಿಮುಕಿಸಿದಳು. ಸದ್ದಿಗೆ ಅವರು ತಿರುಗಿ ನೋಡಿದರು. ನೋಡಿ, ಏನೂ ಆಗದವರ ಹಾಗೆ, “ಬರ್ತೀನ್ರಿ ಮಾಸ್ತರ್ರ” ಎಂದು ಹೋದರು.

ನನಗೆ ನಾಚಿಕೆಯಿಂದ ಮೈ ಉರಿದುಹೋಯಿತು.

“ಯಾರ ಗಸಿ ತಿಂದು ನೀನು ಎದ್ದು ಕೂತಿದ್ದು ಅಕ್ಕಾ? ಅವರು ಕೂತ ಜಾಗ ತೊಳೆಯುವಷ್ಟು ದೊಡ್ಡವರಾ ನಾವು?”

“ಔಷಧ ಮಾಡಿದವ ನೀನು. ಮಡಿಯಲ್ಲಿ ಮಾಡಿದ್ದೆ. ಅದಕ್ಕೂ ಇದಕ್ಕೂ ಎಂತ ಸಂಬಂಧ?” ಎಂದಳು ಅಕ್ಕ, ತಂಬಿಗೆ ಬೋರಲು ಹಾಕುತ್ತ. ಅವಳ ದನಿಯಲ್ಲಿ ಜಗಳವೇ ಇರಲಿಲ್ಲ. ಅವಳಿಗೆ ಅದು ಕಸ ಗುಡಿಸಿದ ಹಾಗೆ ದಿನದ ಕೆಲಸ.

ಆ ನಿರುಮ್ಮಳ ಮುಖ ನೋಡಿ ನನ್ನ ತಲೆಗೆ ಏನೋ ಏರಿತು.

“ಮಡಿ ಅಂತೆ ಮಡಿ! ಮೊದಲಿನ ಮೂರು ಬಾಟ್ಲಿ ಮೊಟ್ಟೆಯದು. ಅಂಗಡಿಯ ಟಾನಿಕ್. ಆನೇ ತುಂಬಿ ಕೊಟ್ಟಿದ್ದು. ದೇವರಿಗೂ ಅದನ್ನೇ ತೋರಿಸಿದ್ದೆ ನೀನು!”

ಅಂದುಬಿಟ್ಟೆ. ಓಣಿಯಲ್ಲಿ ಯಾರೋ ಸೈಕಲ್ ಗಂಟೆ ಹೊಡೆದುಕೊಂಡು ಹೋದದ್ದು ನೆನಪಿದೆ. ಅಕ್ಕ ಕಟ್ಟೆಯ ಮೇಲೆ, ಆಗಷ್ಟೇ ನೀರು ಚಿಮುಕಿಸಿದ ಜಾಗದಲ್ಲೇ ಕೂತಳು. ನನ್ನ ಮುಖ ನೋಡಿದಳು.

“ಆನು ದೇವರ ಮುಂದೆ ಇಡುವಾಗಾದ್ರೂ ಹೇಳಲಾಗ್ತಿತ್ತಿಲ್ಯನ ಮಾಣಿ?”

ಅಷ್ಟೇ ಕೇಳಿದಳು. ಗಾಣದವರ ಪರವಾಗಿ ನನಗೆ ಬಂದ ಸಿಟ್ಟು ನ್ಯಾಯದ್ದೇ. ಅದನ್ನು ಇಂದೂ ಹೇಳುತ್ತೇನೆ. ಆದರೆ ನಾನು ಆಡಿದ ಮಾತು ಅವರಿಗಾಗಿ ಆಡಿದ್ದಲ್ಲ. ಅಕ್ಕನಿಗೆ ನೋಯಲಿ ಎಂದೇ ಆಡಿದ್ದು. ಏಳು ತಿಂಗಳು ಬಾಯಿಬಿಡಲು ಧೈರ್ಯವಿಲ್ಲದೆ ಮುಚ್ಚಿಟ್ಟ ಸತ್ಯವನ್ನು ಜಗಳದಲ್ಲಿ ಕಲ್ಲು ಬೀಸಿದ ಹಾಗೆ ಬೀಸಿದೆ. ಛೇ! ಅವಳನ್ನು ಬದುಕಿಸಲು ಸುಳ್ಳು ಹೇಳಿದ್ದೆನಲ್ಲ, ಆ ಒಂದು ಮಾನವೂ ಅಲ್ಲಿಗೆ ಹೋಯಿತು.

ಮರುದಿನ ಮೊದಲ ಬಸ್ಸಿಗೆ ದೇವರ ಪೆಟ್ಟಿಗೆ ತೆಗೆದುಕೊಂಡು ಹೇರೂರಿಗೆ ಹೋದಳು. ಅಲ್ಲಿನ ಭಟ್ಟರು ಏನು ಪ್ರಾಯಶ್ಚಿತ್ತ ಹೇಳಿದರೋ, ಅವಳು ಎಷ್ಟು ದಿನ ಉಪವಾಸ ಮಾಡಿದಳೋ ಗೊತ್ತಿಲ್ಲ, ಅವಳು ಹೇಳಲಿಲ್ಲ. ಇನ್ನು ಬರುವುದಿಲ್ಲ ಎಂದೇ ತಿಳಿದಿದ್ದೆ. ಹನ್ನೆರಡನೇ ದಿನ ಬಂದಳು. ಮತ್ತಷ್ಟು ಇಳಿದಿದ್ದಳು. ಬಂದವಳೇ ಸ್ನಾನ ಮಾಡಿ ಒಲೆ ಹಚ್ಚಿ, “ಹನ್ನೆರಡು ದಿನ ಎಂತ ತಿಂದ್ಯೋ, ಮುಖ ನೋಡು” ಎಂದು ನನ್ನನ್ನೇ ಬೈದಳು. ನನಗೆ ಇಷ್ಟದ ಮಾವಿನಕಾಯಿ ಗೊಜ್ಜು ಮಾಡಿದಳು. ಕ್ಷಮಿಸಿದಳು ಎಂದುಕೊಂಡು ನಾನು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ.

ಸಂಜೆ ಸ್ನಾನ ಮಾಡಿ ಪಂಚೆ ಉಟ್ಟು ಕಾಫಿ ಮಾಡಿ ಅವಳ ಮುಂದಿಟ್ಟೆ. “ಎಂಗೆ ಈಗ ಕಾಫಿ ಸೇರ್ತಿಲ್ಲೆ” ಎಂದಳು. ಆಗಲಿ ಎಂದುಕೊಂಡೆ. ಮರುದಿನ ಮಜ್ಜಿಗೆ ಕೊಟ್ಟೆ, “ಅಲ್ಲಿಡು, ಆಮೇಲೆ” ಎಂದಳು. ಆ ಆಮೇಲೆ ಬರಲಿಲ್ಲ. ಲೆಸಿಥಿನ್ ಬಾಟಲಿ ಗೂಡಿನಲ್ಲೇ ಕಂದಾಗಿ, ಕಪ್ಪಾಗಿ ಹೋಯಿತು. ನನಗೆ ಅರ್ಥವಾಗಲು ಒಂದು ವಾರ ಹಿಡಿಯಿತು. ನನ್ನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಒಂದು ದಿನ ಇಳಿಯುತ್ತಿತ್ತು. ನನ್ನ ಬಟ್ಟೆ ಒಗೆದಳು, ನನ್ನ ಹುಟ್ಟುಹಬ್ಬಕ್ಕೆ ಪಾಯಸ ಮಾಡಿದಳು, ನನಗೆ ಕೆಮ್ಮು ಬಂದರೆ ಶುಂಠಿ ಕಷಾಯ ಕಾಸಿ ಎದುರಿಗೆ ನಿಂತು ಕುಡಿಸಿದಳು. ಆದರೆ ನನ್ನ ಕೈಯಿಂದ ಏನನ್ನೂ ತೆಗೆದುಕೊಳ್ಳಲಿಲ್ಲ. ಒಂದು ದಿನ ಕಾಲಿಗೆ ಬಿದ್ದೆ. “ಏಳು, ಹುಚ್ಚು ಮಾಡಡ, ಎನ್ನ ಮನಸ್ಸಲ್ಲಿ ಎಂತದೂ ಇಲ್ಲೆ” ಎಂದು ತಲೆ ಸವರಿದಳು. ನಿಜವೇ ಹೇಳಿದಳು, ಅವಳಿಗೆ ಸುಳ್ಳು ಬರುತ್ತಿರಲಿಲ್ಲ.

ಎರಡು ವರ್ಷದ ಮೇಲೆ ಅವಳಿಗೆ ಮತ್ತೆ ಜ್ವರ ಬಂತು. ದೊಡ್ಡದಲ್ಲ, ಆದರೆ ಮೈ ಸುಡುತ್ತಿತ್ತು. ನಡು ಮಧ್ಯಾಹ್ನ ಕಾಲೇಜಿನಿಂದ ಬಂದು ನೋಡಿದರೆ ತುಟಿ ಒಡೆದು ಮಲಗಿದ್ದಳು. ನಾನು ಓಡಿಹೋಗಿ ಸ್ನಾನ ಮಾಡಿ, ಒದ್ದೆ ಮೈಯಲ್ಲೇ ಬೆಳ್ಳಿ ಲೋಟದಲ್ಲಿ ನೀರು ತಂದು ಬಗ್ಗಿದೆ. ಅವಳು ಕಣ್ಣು ತೆರೆದು ಲೋಟ ನೋಡಿದಳು, ನನ್ನನ್ನು ನೋಡಿದಳು.

“ಅಲ್ಲಿಡು ಮಾಣಿ,” ಎಂದಳು.

ಆಮೇಲೆ ಮೊಣಕೈ ಊರಿ ಎದ್ದಳು. ಗೋಡೆ ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಇಡುತ್ತ, ಅಡುಗೆಮನೆಯ ಕೊಡದ ಹತ್ತಿರ ಹೊರಟಳು. ಎಲ್ಲಿ ಬೀಳುತ್ತಾಳೋ ಎಂದು ನಾನು ಎರಡೂ ಕೈ ಚಾಚಿಕೊಂಡು, ಮುಟ್ಟಲು ಧೈರ್ಯವಿಲ್ಲದೆ, ಹಿಂದೆ ಹಿಂದೆ ನಡೆದೆ. ಅವಳು ತಾನೇ ನೀರು ಮೊಗೆದಳು. ನಿಂತಲ್ಲೇ ಎರಡು ತಂಬಿಗೆ ಗಟಗಟ ಕುಡಿದಳು, ಅರ್ಧ ಸೀರೆಯ ಮೇಲೆ ಚೆಲ್ಲಿತು. ಬಾಯಿ ಒರೆಸಿಕೊಂಡು ತಿರುಗಿದವಳು ನನ್ನ ಒದ್ದೆ ಮೈ ನೋಡಿ, “ಥಂಡಿ ಆಗ್ತು, ಮೈ ಒರೆಸ್ಕ. ಒಲೆ ಮೇಲೆ ಗಂಜಿ ಇದ್ದು, ಉಣ್ಣು” ಎಂದಳು.